ನಾಲ್ಕು ಅಡಿಯ ವೇದಿಕೆ

ರಾಕ್ ಕಛೇರಿಗಳ ಮಾತು ಬಂದಾಗ ಅತ್ಯುತ್ತಮ ಎಂದು ವುಡ್‌ಸ್ಟಾಕನ್ನೂ ಅತಿ ಕೆಟ್ಟದ್ದು ಎಂದು ಆಲ್ಟಮಾಂಟನ್ನೂ ನೆನೆಯುವವರೇ ಹೆಚ್ಚು. ಎರಡೂ 1969ರವು, ನಡುವೆ ನಾಲ್ಕು ತಿಂಗಳೂ ಇಲ್ಲ. ಒಂದರ ಹೆಸರು ಉಳಿಸಿದ್ದೂ ಇನ್ನೊಂದರದನ್ನು ಕೆಡಿಸಿದ್ದೂ ಏರ್ಪಾಟು ಎಂದು ನಾನು ನಂಬುತ್ತೇನೆ; ಸಂಗೀತದ ಪಾಲು ಅದರಲ್ಲಿ ಕಡಿಮೆ. ಆಗಸ್ಟ್‌ನಲ್ಲಿ ವುಡ್‌ಸ್ಟಾಕ್‌ಗಾಗಿ ನ್ಯೂಯಾರ್ಕ್ ರಾಜ್ಯದ ಬೆಥೆಲ್‌ನ ಹೊಲವೊಂದರಲ್ಲಿ ಸುಮಾರು 4 ಲಕ್ಷ ಜನ ಸೇರಿದಾಗ ಊಟ ಸಾಲಲಿಲ್ಲ, ಮಳೆ ಸುರಿದು ನೆಲವೆಲ್ಲ ಕೆಸರಾಯಿತು. ಜಿಮಿ ಹೆಂಡ್ರಿಕ್ಸ್ ಗಿಟಾರ್ ಹಿಡಿಯುವ ಹೊತ್ತಿಗೆ ಸೋಮವಾರ ಬೆಳಗಾಗಿ, ಹೆಚ್ಚಿನವರು ಹೊರಟುಹೋಗಿದ್ದರು. ಆದರೂ ಹಾಗ್ ಫಾರ್ಮ್ ಎಂಬ ತಂಡ ಸಾವಿರಾರು ಮಂದಿಗೆ ಬಡಿಸಿತು, ಸುತ್ತಲಿನ ಊರವರು ತಿನ್ನಲು ಕಳಿಸಿದರು. ಕ್ಯಾಲಿಫೋರ್ನಿಯಾದ ಆಲ್ಟಮಾಂಟ್‌ನಲ್ಲಿ ಡಿಸೆಂಬರ್ 6ರ ಕಛೇರಿಗೆ ಜಾಗ ಗೊತ್ತಾದದ್ದೇ ಕೊನೆಗಳಿಗೆಯಲ್ಲಿ. ಬೇರೆಡೆ ದಿಬ್ಬದ ಮೇಲೆ ನಿಲ್ಲಿಸಲೆಂದು ಯೋಜಿಸಿದ್ದ ವೇದಿಕೆಯನ್ನು ಇಲ್ಲಿ ಇಳಿಜಾರಿನ ಬುಡದಲ್ಲಿ ಹೂಡಿದರು. ಎತ್ತರ ಸುಮಾರು ನಾಲ್ಕು ಅಡಿ, ನಿಂತವರ ಎದೆಮಟ್ಟ. ಹಿಂದಿನವರು ಒತ್ತಿದಷ್ಟೂ ಮುಂದಿನವರು ಬೇಡವೆಂದರೂ ಅದರ ಮೇಲೆ ಬೀಳುತ್ತಿದ್ದರು. ತಡೆಯಲು ನಿಂತವರು ಹೆಲ್ಸ್ ಏಂಜಲ್ಸ್ ಬೈಕ್ ಕೂಟದವರು. ರೋಲಿಂಗ್ ಸ್ಟೋನ್ಸ್ ತಂಡ ಹಾಡುತ್ತಿರುವಾಗಲೇ 18ರ ಯುವಕನೊಬ್ಬ ವೇದಿಕೆಯೆದುರು ಇರಿತಕ್ಕೊಳಗಾಗಿ ಸತ್ತ. ಮಾದಕವಸ್ತುವೇ ಇದಕ್ಕೆಲ್ಲ ಕಾರಣ ಎನ್ನುವವರಿದ್ದಾರೆ. ಅದು ಬೆಥೆಲ್‌ನಲ್ಲೂ ಧಾರಾಳವಾಗಿತ್ತು, ಜೀವವನ್ನೂ ತೆಗೆಯಿತು. ಆದರೆ ಅಲ್ಲಿ ಇಂಥ ಹೊಡೆದಾಟ ನಡೆಯಲಿಲ್ಲ. ಹಾಗಾದರೆ ಹಾಡೇ ಸರಿಯಿರಲಿಲ್ಲವೆ? ಅದೂ ಅಲ್ಲ: ಸ್ಟೋನ್ಸ್ ತಂಡ ‘ಬ್ರೌನ್ ಶುಗರ್’ ಹಾಡನ್ನು ಮೊದಲ ಬಾರಿಗೆ ಜನರೆದುರು ನುಡಿಸಿದ್ದು ಆ ರಾತ್ರಿಯೇ, ಆ ಇರಿತದ ನಂತರ.