ಜಾಲತಾಣದವರ ಶಬ್ದಾಡಂಬರ

ಜಾಲತಾಣಗಳನ್ನು ಕಟ್ಟುವ ವೃತ್ತಿಯವರಲ್ಲಿ ಹಲವರು ಒಂದು ಮಾತನ್ನು ಬಹು ಧೈರ್ಯದಿಂದ ಆಡುತ್ತಿರುವರು: ತಮ್ಮ ಶಾಸ್ತ್ರದ ಶಬ್ದಗಳನ್ನು ಕನ್ನಡದಲ್ಲಿ ಹೇಳುವುದು ಸಾಧ್ಯವಿಲ್ಲವಂತೆ, ಭಾಷೆಗೆ ಆ ಶಕ್ತಿ ಸಾಲದಂತೆ. ಈ ಅಪವಾದವನ್ನು ಸುಮ್ಮನೆ ಕೇಳಿಕೊಂಡಿರುವುದು ನಮಗೆ ತರವಲ್ಲ. ಅನೇಕ ವೇಳೆ ಆಡುವವರಿಗೇ ಆ ಶಬ್ದದ ಅರ್ಥ ತಿಳಿಯದಿರುವುದರಿಂದ ಅದು ಕನ್ನಡಕ್ಕೆ ಬಾರದು.

'ರೆಸ್ಟ್' ಎಂಬುದನ್ನು ತೆಗೆದುಕೊಳ್ಳೋಣ. ರಾಯ್ ಫೀಲ್ಡಿಂಗ್ ಎಂಬ ವಿದ್ವಾಂಸರು 2000ದಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಅರ್ವೈನ್ ಶಾಖೆಗೆ ಒಪ್ಪಿಸಿದ ಪ್ರಬಂಧದಲ್ಲಿ ಈ ಹೆಸರನ್ನು ಇಟ್ಟರು. ಅವರು ವಿಧಿಸಿದ ನಿಯಮಗಳು ಸ್ಪಷ್ಟವಾಗಿವೆ. ಉತ್ತರಿಸುವ ಯಂತ್ರವು ಹಿಂದಿನ ಮಾತುಕತೆಯನ್ನು ನೆನಪಿನಲ್ಲಿಡಬೇಕಾಗಿರಕೂಡದು. ಪ್ರತಿಯೊಂದು ಕೋರಿಕೆಯೂ ತಾನೇ ಪೂರ್ಣವಾಗಿರಬೇಕು. ಮುಂದೆ ಏನು ಮಾಡಬಹುದೆಂಬುದನ್ನು ಉತ್ತರದೊಳಗಿನ ಕೊಂಡಿಗಳೇ ತೋರಿಸಬೇಕು. ಇಷ್ಟನ್ನು ಕನ್ನಡದಲ್ಲಿ ಹೇಳಿದೆವಲ್ಲ, ಭಾಷೆಯೇನೂ ಮುರಿದುಬೀಳಲಿಲ್ಲ! ಆದರೆ ಕೊಂಡಿಗಳ ನಿಯಮವನ್ನು ಗಾಳಿಗೆ ತೂರಿ, ಯಂತ್ರದಿಂದ ಯಂತ್ರಕ್ಕೆ ಹೇಗೋ ಸುದ್ದಿ ಸಾಗಿಸುವ ಏರ್ಪಾಡಿಗೆಲ್ಲ ರೆಸ್ಟ್ ಎಂಬ ಪಟ್ಟವನ್ನು ಕಟ್ಟುವುದು ವಾಡಿಕೆಯಾಯಿತು. 2008ರಲ್ಲಿ ಫೀಲ್ಡಿಂಗರೇ ಇದನ್ನು ಬಹಿರಂಗವಾಗಿ ಆಕ್ಷೇಪಿಸಿದರು. ನಾಮಕರಣ ಮಾಡಿದವರ ಮಾತಿಗೂ ಬೆಲೆ ಬರಲಿಲ್ಲ.

'ಸರ್ವರ್‌ಲೆಸ್' ಎಂಬುದು ಇನ್ನೂ ಸೋಜಿಗ. ಸರ್ವರ್ ಇಲ್ಲದ್ದು ಎಂದು ಅಕ್ಷರಾರ್ಥ. ಅಮೆಜಾನ್ ಸಂಸ್ಥೆಯು 2014ರಲ್ಲಿ ಲ್ಯಾಂಬ್ಡಾ ಎಂಬ ಸೇವೆಯನ್ನು ಹೊರತಂದ ಮೇಲೆ ಈ ಮಾತು ಪ್ರಚುರವಾಯಿತು. ಸರ್ವರುಗಳೇನೋ ಸಂಸ್ಥೆಯ ಯಂತ್ರಾಗಾರಗಳಲ್ಲಿ ಓಡುತ್ತಲೇ ಇವೆ. ಅವುಗಳ ಯೋಗಕ್ಷೇಮ ನಮ್ಮ ಪಾಲಿನದಲ್ಲ, ಬಳಸಿದಷ್ಟಕ್ಕೆ ಬಾಡಿಗೆ ತೆತ್ತರಾಯಿತು. ಬಾಡಿಗೆ ಬಂಡಿಯೇರಿದವನು ತನ್ನದು ಎತ್ತಿಲ್ಲದ ಪ್ರಯಾಣವೆಂದು ಹೇಳಿಕೊಂಡರೆ ಎತ್ತುಗಳೇ ನಕ್ಕಾವು. 'ಬಳಕೆಯಳತೆಯ ಬಾಡಿಗೆ' ಎಂದರೆ ಯಾರಿಗಾದರೂ ತಿಳಿದೀತು. ಮಾರುವವರಿಗೆ ಅದೇ ರುಚಿಸದು.

ಹೊಸ ಶಬ್ದಗಳೆಲ್ಲವೂ ಟೊಳ್ಳೆಂದು ನಾವು ಹೇಳುವವರಲ್ಲ. 2010ರಲ್ಲಿ ಈಥನ್ ಮಾರ್ಕಾಟರು 'ರೆಸ್ಪಾನ್ಸಿವ್' ವಿನ್ಯಾಸವೆಂದಾಗ, ಒಂದೇ ಪುಟವು ಕಿರಿಯ ಪರದೆಗೂ ಹಿರಿಯ ಪರದೆಗೂ ತನ್ನನ್ನು ಹೊಂದಿಸಿಕೊಳ್ಳುವ ಉಪಾಯವನ್ನು ಕುರಿತಿದ್ದರು. ಅಂಥದನ್ನು ಹಾಗೆಯೇ ನಮ್ಮ ಲಿಪಿಯಲ್ಲಿ ಬರೆದುಕೊಂಡರೂ ನಷ್ಟವಿಲ್ಲ. ರೈಲು, ಟಿಕೀಟುಗಳನ್ನು ನಾವು ಅರಗಿಸಿಕೊಂಡಿಲ್ಲವೆ?

ನಮ್ಮ ಚಿಂತೆ ಮಕ್ಕಳನ್ನು ಕುರಿತದ್ದು. ಬೆಂಗಳೂರಿನ ಉದ್ಯೋಗದ ಜಾಹೀರಾತುಗಳು ಈ ಶಬ್ದಗಳ ಮಾಲೆಯನ್ನೇ ಕಟ್ಟಿ ತೋರಿಸುತ್ತವೆ. ಜಿಲ್ಲೆಯ ತರುಣನು ಆ ಮಾಲೆಯನ್ನು ಬಾಯಿಪಾಠ ಮಾಡಿ, ತಂದೆತಾಯಿಗಳು ಕೂಡಿಟ್ಟ ಹಣವನ್ನು ಶಿಕ್ಷಣದ ವ್ಯಾಪಾರಿಗಳಿಗೆ ಸುರಿದು, ಕೊನೆಗೆ ಒಂದು ಕೋರಿಕೆಯು ಎಲ್ಲಿಂದ ಹೊರಟು ಎಲ್ಲಿಗೆ ಮುಟ್ಟುತ್ತದೆಂದು ವಿವರಿಸಲಾರದೆ ತಲೆತಗ್ಗಿಸುವಂತಾದರೆ ತಪ್ಪು ಅವನದೆ? ಆದಕಾರಣ ಗೃಹಸ್ಥರು ಹಣ ಕಟ್ಟುವ ಮೊದಲು ಕೇಳಲಿ: "ಸ್ವಾಮಿ, ಫುಲ್‌ಸ್ಟ್ಯಾಕ್ ಎಂದರೇನು? ಮನೆಯ ಹೆಂಗಸರು ಮಕ್ಕಳಿಗೆಲ್ಲ ತಿಳಿಯುವಂತೆ ಕನ್ನಡದಲ್ಲಿ ಹೇಳಿರಿ." ಆಗದೆಂದರೆ ಹಣ ಚೀಲದಲ್ಲಿಯೇ ಇರಲಿ. ಕಣ್ಣಿಗೆ ಕಾಣುವ ಪುಟ, ಅದರ ಹಿಂದಿನ ಲೆಕ್ಕಾಚಾರ, ಮಾಹಿತಿಯನ್ನಿಡುವ ಉಗ್ರಾಣ, ಈ ಮೂರನ್ನೂ ಒಬ್ಬನೇ ನಿರ್ವಹಿಸುವ ವಿದ್ಯೆಯೆಂದು ಉತ್ತರ ಬಂದರೆ, ಒಂದೊಂದನ್ನೂ ಎಷ್ಟೆಷ್ಟು ತಿಂಗಳು ಕಲಿಸುವಿರೆಂದು ಮತ್ತೆ ಕೇಳಲಿ.