ದುಡ್ಡು ಕೊಡದ ನೆಂಟರು ಕೇಳಿದ ಪ್ರಶ್ನೆ

ರಾಗಿ ಕುಯ್ದು ಮೆದೆ ಹಾಕಿ ಆಯ್ತು. ಈ ವಾರ ಬಾಳೆಗೆ ಆಸರೆ ಕೋಲು ಕೊಡೋದು ಬಿಟ್ಟರೆ ತೋಟದಲ್ಲಿ ಅಂಥ ಕೆಲಸ ಏನಿಲ್ಲ. ಹಾಗಾಗಿ ಬಹಳ ದಿನದಿಂದ ಬರೀಬೇಕು ಅಂದ್ಕೊಂಡಿದ್ದ ಒಂದು ವಿಷಯ ಬರೀತಿದ್ದೀನಿ. ಸ್ವಲ್ಪ ಉದ್ದ ಇದೆ ಸ್ನೇಹಿತರೇ, ಬಿಡುವು ಮಾಡ್ಕೊಂಡು ಓದಿ.

ಮೊನ್ನೆ ಬೆಂಗಳೂರಿಂದ ನನ್ನ ಸೋದರಮಾವನ ಮಗ ಬಂದಿದ್ದ. ತೋಟ ಒಂದು ಸುತ್ತು ಹಾಕಿ, "ಭಾವ, ಎರಡು ರೂಮು ಎತ್ಬಿಡಿ. ಹೋಂಸ್ಟೇ ಅಂತ ಬೋರ್ಡ್ ಹಾಕಿ. ಬಂಡೀಪುರ ಹತ್ರಾನೇ ಇದ್ದೀರ, ಒಂದು ರಾತ್ರಿಗೆ ಮೂರು ಸಾವಿರಕ್ಕೆ ಮೋಸ ಇಲ್ಲ. ಈ ಪುಕ್ಸಟ್ಟೆ ಫಾರಿನ್ನೋರ್ನ ಮನೇಲಿ ಇಟ್ಕೊಂಡು ನಿಮಗೇನು ಸಿಗ್ತದೆ?" ಅಂದ.

ಅವನು ಹೇಳಿದ್ದು ಸುಳ್ಳಲ್ಲ. ಬಾಳೆ ರೇಟು ಬಿದ್ದಾಗ ಕಡಿದು ಗಾಡಿಗೆ ಹಾಕೋ ಕೂಲಿಯೂ ಹುಟ್ಟಲ್ಲ ಅನ್ನೋದು ನಿಮಗೆಲ್ಲ ಗೊತ್ತು. ಹೋಂಸ್ಟೇ ಮಾಡಿ ಸಾಲ ತೀರಿಸಿಕೊಂಡ ರೈತರನ್ನ ನಾನೇ ಕಂಡಿದ್ದೀನಿ, ಅವರ ಬಗ್ಗೆ ಹಗುರ ಮಾತಿಲ್ಲ. ಆದರೆ "ಏನು ಸಿಗ್ತದೆ" ಅನ್ನೋದಕ್ಕೆ ಅವತ್ತು ನನಗೆ ಸರಿಯಾಗಿ ಉತ್ತರ ಕೊಡೋಕೆ ಆಗಲಿಲ್ಲ. ಈಗ ಕೊಡ್ತೀನಿ.

ಮೊದಲು ಈ ಪುಕ್ಸಟ್ಟೆ ನೆಂಟರು ಯಾರು ಅಂತ ಹೇಳ್ಬೇಕು. ಸರ್ವಾಸ್ ಅಂತ ಒಂದು ಅಂತರರಾಷ್ಟ್ರೀಯ ಸಂಸ್ಥೆ ಇದೆ. ನಡೆಸೋರೆಲ್ಲ ಸ್ವಯಂಸೇವಕರು. ಎಸ್ಪೆರಾಂಟೊ ಅನ್ನೋ ಭಾಷೆಯಲ್ಲಿ ಆ ಪದಕ್ಕೆ ಸೇವೆ ಮಾಡೋದು ಅಂತ ಅರ್ಥ. ಬಾಬ್ ಲೂಯಿಟ್‌ವೈಲರ್ ಅನ್ನೋ ಅಮೆರಿಕದವರು 1949ರಲ್ಲಿ ಡೆನ್ಮಾರ್ಕಿನಲ್ಲಿ ಗೆಳೆಯರ ಜೊತೆ ಸೇರಿ ಶುರು ಮಾಡಿದ್ದು. ಎರಡನೇ ಮಹಾಯುದ್ಧದಲ್ಲಿ ಬಂದೂಕು ಹಿಡಿಯಲ್ಲ ಅಂದವರು ಅವರು. ಯುದ್ಧ ಮುಗಿದು ಇನ್ನೂ ನಾಲ್ಕು ವರ್ಷ. ಯೂರೋಪಿನಲ್ಲಿ ಪಕ್ಕದ ದೇಶದವನ ಮುಖ ನೋಡಿದರೆ ಆಗದ ಕಾಲ. ಜನ ಒಬ್ಬರ ಮನೆಗೆ ಒಬ್ಬರು ಹೋಗಿ ಉಂಡು ಮಾತಾಡಿದರೆ, ನಾಳೆ ಅವರನ್ನೇ ಕೊಲ್ಲಿ ಅಂದಾಗ ಕೈ ಏಳೋದು ಕಷ್ಟ ಆಗುತ್ತೆ. ಇಡೀ ಸಂಸ್ಥೆ ನಿಂತಿರೋದು ಈ ಒಂದು ಯೋಚನೆಯ ಮೇಲೆ. ಇವತ್ತು ವಿಶ್ವಸಂಸ್ಥೆಯಲ್ಲಿ ಸಲಹಾ ಸ್ಥಾನಮಾನ ಇರೋ ಸಂಸ್ಥೆ ಅದು.

ಡೆನ್ಮಾರ್ಕ್ ಅಂದಾಗ ನನಗೆ ಅಪ್ಪ ನೆನಪಾಗ್ತಾರೆ. ಅಪ್ಪ ಹುಡುಗರಾಗಿದ್ದಾಗ ಕೆಲವು ತಿಂಗಳು ನಂಜನಗೂಡಿನ ವಿದ್ಯಾಪೀಠದಲ್ಲಿ ಇದ್ದು ಕಲಿತು ಬಂದವರು. ಮೈಸೂರು ರಾಜ್ಯ ವಯಸ್ಕರ ಶಿಕ್ಷಣ ಸಮಿತಿ ನಡೆಸ್ತಿದ್ದ ಆ ವಿದ್ಯಾಪೀಠಗಳಿಗೆ ಮಾದರಿ ಯಾವುದು ಗೊತ್ತಾ? ಡೆನ್ಮಾರ್ಕಿನ ಜನತಾ ಶಾಲೆಗಳು. ಹಳ್ಳಿ ಯುವಕರು ಒಂದೇ ಕಡೆ ಉಳ್ಕೊಂಡು, ಒಟ್ಟಿಗೆ ಉಂಡು, ದುಡಿದು, ಮಾತಾಡಿ ಕಲಿಯೋ ಶಾಲೆ. ಸರ್ವಾಸ್ ಹುಟ್ಟಿದ್ದೂ ಅಂಥದ್ದೇ ಒಂದು ಶಾಲೆಯ ನಂಟಿನಲ್ಲಿ. ಅಂದರೆ ಆ ಗಾಳಿ ನಮ್ಮ ಕಪಿಲಾ ದಂಡೆಗೆ ಎಂದೋ ಬೀಸಿ ಹೋಗಿತ್ತು.

ಇದರ ಕಟ್ಟಳೆ ಬಹಳ ಸರಳ. ಪ್ರಯಾಣ ಮಾಡೋರು ಮೊದಲು ತಮ್ಮ ದೇಶದಲ್ಲೇ ಒಬ್ಬ ಸ್ವಯಂಸೇವಕರ ಎದುರು ಕೂತು ಮಾತಾಡಬೇಕು. ಅವರಿಗೆ ಒಪ್ಪಿಗೆ ಆದರೆ ಒಂದು ಪರಿಚಯ ಪತ್ರ ಸಿಗುತ್ತೆ. ಅದನ್ನ ಮುಂಚೆನೇ ನನಗೆ ಕಳಿಸಿ "ಬರಬಹುದಾ?" ಅಂತ ಕೇಳ್ತಾರೆ. ಕೆಲಸದ ದಿನ ಇದ್ರೆ ನಾನು ಆಗಲ್ಲ ಅಂದ್ರೂ ಬೇಸರ ಇಲ್ಲ. ಸಾಮಾನ್ಯವಾಗಿ ಎರಡು ರಾತ್ರಿ ಉಳೀತಾರೆ. ಮನೆಯವರು ಬಿಡುವಾಗಿದ್ದಾಗ ಅವರ ಜೊತೆ ಕೂರಬೇಕು, ಸುಮ್ಮನೆ ಮಲಗಿ ಎದ್ದು ಹೋಗೋ ಹಾಗಿಲ್ಲ. ನನಗೂ ಅವರಿಗೂ ನಡುವೆ ಒಂದು ರೂಪಾಯಿಯೂ ಓಡಾಡಲ್ಲ. ಇನ್ನೊಂದು ಮಾತು, ವಿದೇಶದವರು ಯಾರೇ ನಿಮ್ಮ ಮನೇಲಿ ಉಳಿದರೂ 24 ಗಂಟೆ ಒಳಗೆ ಆನ್‌ಲೈನ್‌ನಲ್ಲಿ ಸರ್ಕಾರಕ್ಕೆ ಮಾಹಿತಿ ಕೊಡಲೇಬೇಕು. ದುಡ್ಡು ತಗೊಂಡಿಲ್ಲ ಅಂತ ಅದರಿಂದ ವಿನಾಯಿತಿ ಇಲ್ಲ.

ಎರಡೇ ರಾತ್ರಿ ಯಾಕೆ ಅಂತ ನನಗೂ ಮೊದಲು ಅರ್ಥ ಆಗಿರಲಿಲ್ಲ. ಹೋದ ವರ್ಷ ಬಂದ ಜರ್ಮನಿಯ ನಿವೃತ್ತ ಟೀಚರಮ್ಮ ಹೇಳಿದ ಮೇಲೆ ಗೊತ್ತಾಯ್ತು. ಇಪ್ಪತ್ತನೇ ವಯಸ್ಸಲ್ಲಿ ಅವರು ಹೀಗೇ ಹಾಲೆಂಡಿನ ಒಂದು ಮನೆಗೆ ಹೋಗಿದ್ರಂತೆ. ಮೊದಲ ರಾತ್ರಿ ಆ ಮನೆ ಅಜ್ಜಿ ಊಟ ಬಡಿಸಿದ್ದು ಬಿಟ್ರೆ ಮಾತೇ ಆಡಲಿಲ್ಲವಂತೆ. ಎರಡನೇ ರಾತ್ರಿ ಗೋಡೆಯ ಮೇಲಿದ್ದ ಒಂದು ಫೋಟೊ ತೋರಿಸಿ, "ಇವನು ನನ್ನ ತಮ್ಮ. ನಿಮ್ಮವರ ಗುಂಡಿಗೆ ಹೋದ" ಅಂದ್ರಂತೆ. ಆಮೇಲೆ ಇಬ್ಬರೂ ಸರಿರಾತ್ರಿವರೆಗೂ ಕೂತಿದ್ರಂತೆ. "ಮೊದಲ ರಾತ್ರಿ ಊಟಕ್ಕೆ, ಎರಡನೇ ರಾತ್ರಿ ಮಾತಿಗೆ" ಅಂದ್ರು ಟೀಚರಮ್ಮ.

ಅವರ ಎರಡನೇ ದಿನ ನಮ್ಮನೇಲೂ ಹಾಗೇ ಆಯ್ತು. ನಾನು ಬರೀಬೇಕು ಅಂದಿದ್ದು ಇದೇ.

ನಮ್ಮ ತೋಟದಲ್ಲಿ ಇಪ್ಪತ್ತು ವರ್ಷದಿಂದ ದುಡಿಯೋ ಒಬ್ಬರಿದ್ದಾರೆ. ನನಗಿಂತ ಹತ್ತು ವರ್ಷ ದೊಡ್ಡೋರು. ನಾನು ಅವರನ್ನ ಹೆಸರಿಡಿದು ಕರೀತೀನಿ, ಅವರು ನನಗೆ "ಬುದ್ಧಿ" ಅಂತಾರೆ. ಬಾಳೆಗೆ ಪನಾಮ ರೋಗ ಬಿದ್ದಿದ್ದನ್ನ ಎಲೆ ನೋಡಿ ನನಗಿಂತ ಮುಂಚೆ ಹೇಳೋರು ಅವರೇ. ಅವತ್ತು ಮಧ್ಯಾಹ್ನ ಟೀಚರಮ್ಮನ್ನ ಅವ್ವ ಅಡಿಗೆ ಮನೇಲಿ ಪಕ್ಕದಲ್ಲೇ ಕೂರಿಸ್ಕೊಂಡು ಮುದ್ದೆ ಉಪ್ಸಾರು ಬಡಿಸಿದ್ರು. ಮುರಿದು ನುಂಗೋದು ಹೇಗೆ ಅಂತ ತೋರಿಸಿ ನಗಾಡಿದ್ರು. ಕಿಟಕಿಯಿಂದ ಹೊರಗೆ ನೋಡಿದ ಟೀಚರಮ್ಮ ಕೇಳಿದ್ರು: "ಅವರ್ಯಾಕೆ ಆಚೆ ಜಗಲಿ ಮೇಲೆ ಊಟ ಮಾಡ್ತಿದ್ದಾರೆ? ತಟ್ಟೆ ಯಾಕೆ ಬೇರೆ?"

"ಅವರಿಗೆ ಅಲ್ಲೇ ಇಷ್ಟ, ಗಾಳಿ ಬರುತ್ತೆ" ಅಂದೆ.

ಸುಳ್ಳು ಅಂತ ನನಗೂ ಗೊತ್ತು, ಅವ್ವನಿಗೂ ಗೊತ್ತು. ಟೀಚರಮ್ಮನಿಗೂ ಗೊತ್ತಾಯ್ತು ಅಂತ ಕಾಣುತ್ತೆ. ಏನೂ ಅನ್ನಲಿಲ್ಲ. ಸಾಯಂಕಾಲ ಮಾತ್ರ, "ನಮ್ಮೂರಲ್ಲೂ ನಾವು ಬಹಳ ವರ್ಷ ಇಂಥ ಉತ್ತರಾನೇ ಕೊಟ್ಕೊಂಡು ಬಂದ್ವಿ" ಅಂದ್ರು. ಬೇರೆ ಉಪದೇಶ ಇಲ್ಲ. ಮಾರನೇ ದಿನ ಬಸ್ ಹತ್ತಿ ಹೋದ್ರು.

ಈಗ ನನ್ನ ಅಭಿಪ್ರಾಯ ಹೇಳ್ತೀನಿ. ಮೂರು ಸಾವಿರ ಕೊಟ್ಟು ಬಂದೋರು ಬಿಸಿನೀರು ಕೇಳ್ತಾರೆ, ವೈಫೈ ಕೇಳ್ತಾರೆ. ಕೇಳೋದು ಅವರ ಹಕ್ಕು, ಕೊಡೋದು ನಮ್ಮ ವ್ಯಾಪಾರ. ಆದರೆ ಈ ಪ್ರಶ್ನೆ ಅವರು ಕೇಳಲ್ಲ. ಕೇಳಿದ್ರೂ ಗಿರಾಕಿ ಅಂತ ನಕ್ಕು ಸುಮ್ಮನಾಗ್ತೀವಿ. ದುಡ್ಡು ಕೊಡದೆ ನಮ್ಮ ಒಲೆ ಮುಂದೆ ಕೂತೋರು ನೆಂಟರು. ನೆಂಟರು ಕೇಳಿದ್ದು ಮನಸ್ಸಿಗೆ ನಾಟುತ್ತೆ. ಭಾವಮೈದ ಕೇಳಿದ್ನಲ್ಲ ಏನು ಸಿಗ್ತದೆ ಅಂತ, ಇದು ಸಿಗ್ತದೆ ಕಣಪ್ಪ.

ಪುಕ್ಕಟೆ ಅನ್ನೋದು ಉಳಿಸ್ಕೊಳ್ಳೋಕೂ ಕಷ್ಟ. ಕೌಚ್‌ಸರ್ಫಿಂಗ್ ಅಂತ ಇದೇ ಥರದ್ದು 2004ರಲ್ಲಿ ಶುರುವಾಯ್ತು. ಎಷ್ಟೋ ಸ್ವಯಂಸೇವಕರು ಕೂಲಿ ಇಲ್ಲದೆ ಕಟ್ಟಿದ್ದು. 2011ರಲ್ಲಿ ಲಾಭದ ಕಂಪನಿ ಆಯ್ತು, 2020ರಲ್ಲಿ ಸದಸ್ಯರಿಂದ ಚಂದಾ ವಸೂಲಿಗೆ ನಿಂತಿತು. ಸರ್ವಾಸ್‌ನಲ್ಲೂ ಪ್ರಯಾಣಿಕರು ಸಂಸ್ಥೆ ನಡೆಸೋಕೆ ಶುಲ್ಕ ಕಟ್ತಾರೆ, ಆದರೆ ಲಾಭ ತಗೊಳ್ಳೋ ಮಾಲೀಕ ಇಲ್ಲ. ನಮ್ಮ ಬಿತ್ತನೆ ಬೀಜದ ಕಥೆ ಬಲ್ಲವರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಂತ ಇದರಿಂದ ಯುದ್ಧ ನಿಂತುಹೋಗುತ್ತೆ ಅಂತ ನಾನೇನೂ ನಂಬಿಲ್ಲ. 1949ರಿಂದ ಈಚೆಗೆ ಎಷ್ಟು ಯುದ್ಧ ಆಗಿಲ್ಲ? ಇನ್ನೊಂದು ಕೊರತೆನೂ ಇದೆ. ಅವರು ಇಲ್ಲಿಗೆ ಬರೋದು ಸುಲಭ, ನಾನು ಅಲ್ಲಿಗೆ ಹೋಗಬೇಕಂದ್ರೆ ವೀಸಾಕ್ಕೆ ಅಲೀಬೇಕು, ವಿಮಾನದ ಟಿಕೆಟ್ಟಿಗೆ ಒಂದು ಬೆಳೆ ಹೋಗುತ್ತೆ. ಶಾಂತಿಯ ಬಾಗಿಲು ಎರಡೂ ಕಡೆಯಿಂದ ಒಂದೇ ಸಮ ತೆರೆಯಲ್ಲ.

ಆದರೆ ಜರ್ಮನಿಗೆ ಹೋಗೋಕೆ ವೀಸಾ ಬೇಕು, ನಮ್ಮ ಜಗಲಿಗೆ ಬೇಡವಲ್ಲ. ಟೀಚರಮ್ಮ ಹೋಗಿ ಹದಿನೈದು ದಿನ ಆದ ಮೇಲೆ ಒಂದು ಮಧ್ಯಾಹ್ನ, "ಒಳಗೆ ಬನ್ನಿ, ಒಟ್ಟಿಗೆ ಉಣ್ಣೋಣ" ಅಂದೆ. ಅವರು ಗಾಬರಿಯಾದ್ರು. "ಬ್ಯಾಡಿ ಬುದ್ಧಿ. ಇಪ್ಪತ್ತೊರ್ಸ ಇಲ್ದುದ್ದು ಈಗ್ಯಾಕೆ? ನಾಳೆ ಊರಲ್ಲಿ ಮಾತು ಬಂದ್ರೆ ನೀವು ಒಳಗಿರ್ತೀರಿ, ನಾನು ಬೀದೀಲಿರ್ತೀನಿ" ಅಂದ್ರು. ನನ್ನ ಹತ್ರ ಉತ್ತರ ಇರಲಿಲ್ಲ. ನನಗೆ ಒಳ್ಳೆಯವನಾಗೋಕೆ ಅವಸರ ಇತ್ತು, ಅದರ ಬೆಲೆ ತೆರೋರು ಅವರು.

ಈಗ ನಾನೇ ತಟ್ಟೆ ತಗೊಂಡು ಜಗಲಿಗೆ ಹೋಗ್ತೀನಿ. ಎಲ್ಲರಿಗೂ ಒಂದೇ ಥರದ ತಟ್ಟೆ ತಂದಿದ್ದೀನಿ. ಅವ್ವ ಮೂರು ದಿನ ಮಾತು ಬಿಟ್ಟಿದ್ರು, ಈಗ ಇಬ್ಬರಿಗೂ ಅಲ್ಲಿಗೇ ಬಂದು ಬಡಿಸ್ತಾರೆ. ಒಳಗೆ ಕರೀರಿ ಅಂತ ಇನ್ನೂ ಅಂದಿಲ್ಲ. ಅವರನ್ನ ಹೆಸರಿಡಿದು ಕರೆಯೋದು ಬಿಟ್ಟು "ಅಣ್ಣ" ಅಂತೀನಿ. ಅವರು ಇನ್ನೂ ಬುದ್ಧಿ ಅನ್ನೋದು ಬಿಟ್ಟಿಲ್ಲ. ದೊಡ್ಡ ಸಾಧನೆ ಅಂತ ಬರೀತಿಲ್ಲ, ಇಪ್ಪತ್ತು ವರ್ಷ ತಡವಾಗಿ ಆಗಿದ್ದು ಸಾಧನೆ ಹೇಗಾಗುತ್ತೆ.

ಹೋಂಸ್ಟೇ ಬೋರ್ಡ್ ಸದ್ಯಕ್ಕೆ ಹಾಕಲ್ಲ. ಮುಂದಿನ ತಿಂಗಳು ಒಬ್ಬ ಹುಡುಗ ಬರ್ತೀನಿ ಅಂತ ಪತ್ರ ಕಳಿಸಿದ್ದಾನೆ. ಈ ಸಲ ಊಟಕ್ಕೆ ಅವನನ್ನೂ ಜಗಲಿ ಮೇಲೇ ಕೂರಿಸ್ತೀನಿ, ಅಣ್ಣನ ಪಕ್ಕ.

ನಿಮ್ಮನೆ ತೋಟದ ಆಳುಮಕ್ಕಳು ಎಲ್ಲಿ ಕೂತು ಉಣ್ತಾರೆ? ನನ್ನ ಥರ ಗಾಳಿ ಕಥೆ ಹೇಳಬೇಡಿ, ನಿಜ ಬರೀರಿ.