ಶಾಲಾ ಹುಡುಗರು ಕಟ್ಟಿದ ಜುವೆಂಟಸ್

ಇಟಲಿಯ ಫುಟ್‌ಬಾಲ್ ಲೀಗ್ ಪ್ರಶಸ್ತಿಯನ್ನು ಅತಿ ಹೆಚ್ಚು ಸಲ ಗೆದ್ದ ತಂಡ ಯಾವುದು? ರಸಪ್ರಶ್ನೆ ಸ್ಪರ್ಧೆಗೆ ತಯಾರಾಗುವ ಹುಡುಗರು ತಡವರಿಸದೆ ಹೇಳಿಬಿಡುತ್ತಾರೆ: ಜುವೆಂಟಸ್. ಎಷ್ಟು ಸಲ ಎಂದು ಕೇಳಿದರೆ ಮಾತ್ರ ತೊಡಕು. ಇಟಲಿಯ ಫುಟ್‌ಬಾಲ್ ಫೆಡರೇಷನ್ ಲೆಕ್ಕದಲ್ಲಿ 36. ಜುವೆಂಟಸ್ ಅಭಿಮಾನಿಗಳ ಲೆಕ್ಕದಲ್ಲಿ 38. ಈ ಎರಡು ಪ್ರಶಸ್ತಿಗಳ ವ್ಯತ್ಯಾಸ ಅರ್ಥವಾಗಬೇಕಾದರೆ ಕಥೆಯನ್ನು ಮೊದಲಿನಿಂದಲೇ ಹೇಳಬೇಕು.

ಉತ್ತರ ಇಟಲಿಯ ಟ್ಯೂರಿನ್ ನಗರ, 1897. ಮಾಸ್ಸಿಮೊ ದಜೇಲಿಯೊ ಪ್ರೌಢಶಾಲೆಯ ಕೆಲವು ವಿದ್ಯಾರ್ಥಿಗಳು ಸಂಜೆ ಹೊತ್ತು ಕೊರ್ಸೊ ರೆ ಉಂಬೆರ್ತೊ ಎಂಬ ಬೀದಿಯ ಬೆಂಚೊಂದರ ಮೇಲೆ ಕುಳಿತು ಹರಟುತ್ತಿದ್ದರು. ಹೆಚ್ಚಿನವರು 14ರಿಂದ 17 ವರ್ಷದವರು. ಫುಟ್‌ಬಾಲ್ ಆಗಷ್ಟೇ ಇಂಗ್ಲೆಂಡಿನಿಂದ ಇಟಲಿಗೆ ಕಾಲಿಟ್ಟಿತ್ತು. ನಾವೂ ಒಂದು ಕ್ಲಬ್ ಮಾಡೋಣ ಎಂಬ ಮಾತು ಹುಟ್ಟಿದ್ದು ಆ ಬೆಂಚಿನ ಮೇಲೆಯೇ. ಅವರ ಪೈಕಿ ಕನ್ಫಾರಿ ಸೋದರರಿಗೆ ಸಮೀಪದಲ್ಲಿಯೇ ಒಂದು ಕಾರ್ಯಾಗಾರವಿತ್ತು. ಅದೇ ಕ್ಲಬ್‌ನ ಮೊದಲ ಕಚೇರಿಯಾಯಿತು. ಆ ಬೆಂಚನ್ನು ಕ್ಲಬ್ ಈಗಲೂ ಜೋಪಾನವಾಗಿ ಇಟ್ಟುಕೊಂಡಿದೆ.

ಹೆಸರಿಗಾಗಿ ಹುಡುಗರು ಮೊರೆಹೋದದ್ದು ಶಾಲೆಯಲ್ಲಿ ಕಲಿಯುತ್ತಿದ್ದ ಲ್ಯಾಟಿನ್ ಭಾಷೆಗೆ. ಜುವೆಂಟಸ್ ಎಂದರೆ ಲ್ಯಾಟಿನ್‌ನಲ್ಲಿ ಯೌವನ. ಇಟಲಿಯವರ ಬಾಯಲ್ಲಿ ಅದು 'ಯುವೆಂತುಸ್'. ನಮ್ಮ 'ಯುವ', 'ಯೌವನ' ಶಬ್ದಗಳ ಮೂಲವೂ ಅದರ ಮೂಲವೂ ಒಂದೇ ಎಂಬುದು ಭಾಷಾಶಾಸ್ತ್ರ ಬಲ್ಲವರಿಗೆ ತಿಳಿದ ವಿಷಯ. ತಮಾಷೆಯೆಂದರೆ, ಇಂಥ ಹೆಸರಿನ ತಂಡಕ್ಕೆ ಇಟಲಿಯಲ್ಲಿ ಬಿದ್ದಿರುವ ಅಡ್ಡಹೆಸರು 'ವೆಕ್ಕಿಯಾ ಸಿನ್ಯೋರಾ', ಅಂದರೆ ವಯಸ್ಸಾದ ಯಜಮಾನಿ!

ಆರಂಭದಲ್ಲಿ ಈ ಹುಡುಗರು ತೊಡುತ್ತಿದ್ದುದು ಗುಲಾಬಿ ಬಣ್ಣದ ಅಂಗಿ. ಒಗೆದೊಗೆದು ಬಣ್ಣ ಮಾಸಿದ ಮೇಲೆ, 1903ರಲ್ಲಿ, ತಂಡದಲ್ಲಿದ್ದ ಜಾನ್ ಸ್ಯಾವೇಜ್ ಎಂಬ ಇಂಗ್ಲಿಷಿನವರು ನಾಟಿಂಗ್‌ಹ್ಯಾಮ್‌ನಿಂದ ಹೊಸ ಅಂಗಿ ತರಿಸಿದರು. ಬಂದದ್ದು ಅಲ್ಲಿನ ನಾಟ್ಸ್ ಕೌಂಟಿ ತಂಡದ ಕಪ್ಪು ಬಿಳುಪು ಪಟ್ಟೆಯ ಅಂಗಿ. ಅದೇ ಇಂದಿಗೂ ಜುವೆಂಟಸ್‌ನ ಗುರುತು. ಎರಡು ವರ್ಷಗಳಲ್ಲಿ, 1905ರಲ್ಲಿ, ತಂಡ ಮೊದಲ ಸಲ ಇಟಲಿಯ ಚಾಂಪಿಯನ್ ಆಯಿತು.

ಹುಡುಗರ ಕೂಟವಾಗಿದ್ದ ಕ್ಲಬ್ಬಿಗೆ ದುಡ್ಡಿನ ಬಲ ಬಂದದ್ದು 1923ರಲ್ಲಿ. ಟ್ಯೂರಿನ್‌ನ ಫಿಯಟ್ ಕಾರು ಕಾರ್ಖಾನೆಯ ಒಡೆಯರಾದ ಅನ್ಯೆಲ್ಲಿ ಮನೆತನದ ಎಡೊವಾರ್ಡೊ ಆ ವರ್ಷ ಅಧ್ಯಕ್ಷರಾದರು. ಫಿಯಟ್ ಎಂದರೆ ನಮ್ಮ ಹಿರಿಯರಿಗೆ ಬೇರೆ ಪರಿಚಯ ಬೇಕಿಲ್ಲ. ಮುಂಬೈಯಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿ ಇದೇ ಫಿಯಟ್‌ನ ಕೂಸು. ಅನ್ಯೆಲ್ಲಿಗಳ ಕಾಲದಲ್ಲಿ, 1931ರಿಂದ 1935ರವರೆಗೆ, ಜುವೆಂಟಸ್ ಸತತ ಐದು ಸಲ ಲೀಗ್ ಗೆದ್ದಿತು. 1934ರಲ್ಲಿ ವಿಶ್ವಕಪ್ ಗೆದ್ದ ಇಟಲಿ ತಂಡದ ನಾಯಕ, ಗೋಲ್‌ಕೀಪರ್ ಕೊಂಬಿ ಈ ಕ್ಲಬ್ಬಿನವರೇ. 1958ರಲ್ಲಿ ಹತ್ತನೇ ಪ್ರಶಸ್ತಿ ಬಂದಾಗ ಅಂಗಿಯ ಮೇಲೆ ಚಿನ್ನದ ನಕ್ಷತ್ರವೊಂದನ್ನು ಹೊಲಿಸಿಕೊಳ್ಳುವ ಪದ್ಧತಿ ಶುರುವಾಯಿತು. ಈಗ ಅನೇಕ ದೇಶಗಳ ತಂಡಗಳು ಅದನ್ನು ಅನುಸರಿಸುತ್ತಿವೆ.

ಆ ನಕ್ಷತ್ರದ ತಂಡದಲ್ಲಿ ಮೂವರು ದಿಗ್ಗಜರಿದ್ದರು: ವೇಲ್ಸ್‌ನ ಆಜಾನುಬಾಹು ಜಾನ್ ಚಾರ್ಲ್ಸ್, ಅರ್ಜೆಂಟೀನಾದ ತುಂಟ ಸಿವೊರಿ ಮತ್ತು ಇಟಲಿಯವರೇ ಆದ ಬೊನಿಪೆರ್ತಿ. 1961ರಲ್ಲಿ ಆಟ ನಿಲ್ಲಿಸಿದ ಬೊನಿಪೆರ್ತಿ 1971ರಿಂದ 1990ರವರೆಗೆ ಕ್ಲಬ್‌ನ ಅಧ್ಯಕ್ಷರಾಗಿದ್ದರು. ಆತಂಕ ತಡೆಯಲಾರದೆ ಮಧ್ಯಂತರದಲ್ಲೇ ಕ್ರೀಡಾಂಗಣ ಬಿಟ್ಟು ಹೊರಟುಬಿಡುತ್ತಿದ್ದ ಮನುಷ್ಯ! ಗೆಲ್ಲುವುದು ಮುಖ್ಯವಲ್ಲ, ಲೆಕ್ಕಕ್ಕೆ ಬರುವುದು ಅದೊಂದೇ ಎಂಬ ಅವರ ಮಾತು ಕ್ಲಬ್‌ನ ಧ್ಯೇಯವಾಕ್ಯವಾಗಿಬಿಟ್ಟಿದೆ. ಕೇಳುವುದಕ್ಕೆ ಚುರುಕಾದ ಮಾತು. ನನಗೇನೋ ಅದರ ಬಗ್ಗೆ ಅನುಮಾನವಿದೆ. ಆ ಅನುಮಾನಕ್ಕೆ ಕಾರಣ ಈ ಕ್ಲಬ್‌ನ ಚರಿತ್ರೆಯಲ್ಲೇ ಇದೆ.

ಬೊನಿಪೆರ್ತಿ ಅಧ್ಯಕ್ಷರಾಗಿದ್ದಾಗ ತರಬೇತುದಾರ ಟ್ರಪಟ್ಟೋನಿ 1976ರಿಂದ 1986ರವರೆಗೆ ಆರು ಲೀಗ್ ಪ್ರಶಸ್ತಿ ತಂದುಕೊಟ್ಟರು. 1982ರಲ್ಲಿ ಸ್ಪೇನ್‌ನಲ್ಲಿ ವಿಶ್ವಕಪ್ ಗೆದ್ದ ಇಟಲಿಯ ಬೆನ್ನೆಲುಬು ಜುವೆಂಟಸ್‌ನ ಆಟಗಾರರೇ: 40 ವರ್ಷದ ಗೋಲ್‌ಕೀಪರ್ ಜಾಫ್, ಜೆಂಟಿಲೆ, ಕಬ್ರೀನಿ, ಶಿರೆಯಾ, ತಾರ್ದೆಲ್ಲಿ ಮತ್ತು ಆರು ಗೋಲು ಹೊಡೆದ ಪಾವೊಲೊ ರೋಸ್ಸಿ. ಇವರಲ್ಲಿ ಶಿರೆಯಾ ಹೆಸರನ್ನು ನಮ್ಮ ಹುಡುಗರು ನೆನಪಿಟ್ಟುಕೊಳ್ಳಬೇಕು. ರಕ್ಷಣಾ ಆಟಗಾರರಾಗಿದ್ದೂ ಇಡೀ ವೃತ್ತಿಜೀವನದಲ್ಲಿ ಒಮ್ಮೆಯೂ ರೆಫರಿಯಿಂದ ಮೈದಾನದಾಚೆ ಕಳಿಸಿಕೊಂಡವರಲ್ಲ.

ಯುರೋಪಿನ ಅತಿ ದೊಡ್ಡ ಕಪ್ ಮಾತ್ರ ಜುವೆಂಟಸ್‌ಗೆ ಕೈಗೆಟುಕಿರಲಿಲ್ಲ. 1973ರಲ್ಲಿ, 1983ರಲ್ಲಿ ಫೈನಲ್ ತಲುಪಿ ಸೋತಿತ್ತು. 1985ರ ಮೇ 29ರಂದು ಬ್ರಸೆಲ್ಸ್‌ನ ಹೇಸೆಲ್ ಕ್ರೀಡಾಂಗಣದಲ್ಲಿ ಮತ್ತೊಂದು ಫೈನಲ್, ಎದುರಾಳಿ ಲಿವರ್‌ಪೂಲ್. ಪಂದ್ಯಕ್ಕೆ ಇನ್ನೂ ಒಂದು ಗಂಟೆಯಿದ್ದಾಗ ಲಿವರ್‌ಪೂಲ್ ಕಡೆಯ ಗುಂಪೊಂದು ಪಕ್ಕದ ವಿಭಾಗಕ್ಕೆ ನುಗ್ಗಿತು. ಅಲ್ಲಿದ್ದವರಲ್ಲಿ ಹೆಚ್ಚಿನವರು ಇಟಲಿಯವರು, ಮನೆಮಂದಿಯೊಂದಿಗೆ ಬಂದವರು. ಹಿಂದೆ ಸರಿಯುತ್ತ ಗೋಡೆಗೆ ಒತ್ತಿಕೊಂಡರು. ಹಳೆಯ ಗೋಡೆ ಕುಸಿಯಿತು. 39 ಜನ ಸತ್ತರು. ಅವರಲ್ಲಿ ತಂದೆಯ ಜೊತೆ ಬಂದಿದ್ದ 11 ವರ್ಷದ ಬಾಲಕನೂ ಇದ್ದ; ಅಪ್ಪ ಮಗ ಇಬ್ಬರೂ ಮನೆಗೆ ಮರಳಲಿಲ್ಲ.

ಪಂದ್ಯ ರದ್ದು ಮಾಡಿದರೆ ಗಲಭೆ ಇನ್ನೂ ಹೆಚ್ಚೀತೆಂದು ಹೆದರಿ ಅಧಿಕಾರಿಗಳು ಆಟ ಆಡಿಸಿಯೇ ಬಿಟ್ಟರು. ನಾಯಕ ಶಿರೆಯಾ ಧ್ವನಿವರ್ಧಕದಲ್ಲಿ ಅಭಿಮಾನಿಗಳಿಗೆ ಶಾಂತರಾಗಿರುವಂತೆ ಕೇಳಿಕೊಳ್ಳಬೇಕಾಯಿತು. ಪೆನಾಲ್ಟಿ ಆವರಣದ ಹೊರಗೆ ನಡೆದ ತಪ್ಪಿಗೆ ರೆಫರಿ ಪೆನಾಲ್ಟಿ ಕೊಟ್ಟರು, ಫ್ರಾನ್ಸ್‌ನ ಪ್ಲಾಟಿನಿ ಗೋಲು ಹೊಡೆದು ಕೈಯೆತ್ತಿ ಕುಣಿದರು. ಜುವೆಂಟಸ್ 1–0ಯಿಂದ ಗೆದ್ದಿತು. ಯುರೋಪಿನ ಮೂರೂ ಪ್ರಮುಖ ಕಪ್‌ಗಳನ್ನು ಗೆದ್ದ ಮೊದಲ ಕ್ಲಬ್ ಎಂಬ ದಾಖಲೆ ಪೂರ್ಣಗೊಂಡದ್ದು ಆ ರಾತ್ರಿಯೇ. ದಾಖಲೆಯ ಪುಸ್ತಕದಲ್ಲಿ ಅದು ಒಂದು ಸಾಲು. ಆದರೆ ಆ ಕಪ್ಪನ್ನು ಮನಸಾರೆ ಸಂಭ್ರಮಿಸಲು ಟ್ಯೂರಿನ್‌ನಲ್ಲಿ ಅನೇಕರಿಗೆ ಇಂದಿಗೂ ಆಗಿಲ್ಲ. ಕಳಂಕವಿಲ್ಲದ ಯುರೋಪಿಯನ್ ಕಪ್ ಬಂದದ್ದು 1996ರಲ್ಲಿ, ರೋಮ್‌ನಲ್ಲಿ ಅಯಾಕ್ಸ್ ತಂಡವನ್ನು ಪೆನಾಲ್ಟಿಗಳಲ್ಲಿ ಸೋಲಿಸಿದಾಗ. ಅಲ್ಲಿಂದೀಚೆಗೆ ಐದು ಫೈನಲ್ ಆಡಿದೆ, ಐದರಲ್ಲೂ ಸೋತಿದೆ.

ಈಗ ಆ ಎರಡು ಪ್ರಶಸ್ತಿಗಳ ವಿಷಯ. 2006ರಲ್ಲಿ ಪೊಲೀಸರು ಕದ್ದಾಲಿಸಿದ್ದ ದೂರವಾಣಿ ಮಾತುಗಳು ಇಟಲಿಯ ಪತ್ರಿಕೆಗಳಲ್ಲಿ ಅಚ್ಚಾದವು. ಯಾವ ಪಂದ್ಯಕ್ಕೆ ಯಾವ ರೆಫರಿ ಎಂದು ನಿಗದಿ ಮಾಡುವವರ ಜೊತೆ ಜುವೆಂಟಸ್‌ನ ಮಹಾಪ್ರಬಂಧಕ ಲುಚಾನೊ ಮೋಜಿ ಸಲುಗೆಯಿಂದ ಹರಟುತ್ತಿದ್ದುದು ಬಯಲಾಯಿತು. ಬೇರೆ ಕೆಲವು ಕ್ಲಬ್‌ಗಳೂ ಸಿಕ್ಕಿಬಿದ್ದವು. ಅದೇ ಜುಲೈ 9ರಂದು ಇಟಲಿ ಬರ್ಲಿನ್‌ನಲ್ಲಿ ವಿಶ್ವಕಪ್ ಗೆದ್ದಿತು. ಕಪ್ ಎತ್ತಿದ ನಾಯಕ ಕನ್ನವಾರೊ ಜುವೆಂಟಸ್‌ನವರು. ಐದೇ ದಿನಗಳಲ್ಲಿ ತೀರ್ಪು ಬಂತು. 2005 ಮತ್ತು 2006ರ ಪ್ರಶಸ್ತಿ ವಾಪಸ್, ತಂಡ ಎರಡನೇ ದರ್ಜೆಗೆ. ಅಲ್ಲಿಯೂ ಮೊದಲೇ ಪಾಯಿಂಟ್ ಕಡಿತ. ಮೇಲ್ಮನವಿಗಳ ಬಳಿಕ ಅದು 30ರಿಂದ 9ಕ್ಕೆ ಇಳಿಯಿತು.

ಕನ್ನವಾರೊ, ಇಬ್ರಾಹಿಮೊವಿಚ್, ಜಂಬ್ರೊಟ್ಟಾ ಮುಂತಾದವರು ಬೇರೆ ಕ್ಲಬ್ ಸೇರಿದರು. ವೃತ್ತಿಪರರು, ತಪ್ಪೆನ್ನಲಾಗದು. ಆದರೆ ಗೋಲ್‌ಕೀಪರ್ ಬುಫನ್, ದೆಲ್ ಪಿಯೆರೊ, ಕಮೊರನೇಸಿ, ನೆಡ್ವೆಡ್, ಟ್ರೆಜೆಗೆ ಉಳಿದರು. ಮೊದಲ ಮೂವರು ಎರಡು ತಿಂಗಳ ಹಿಂದಷ್ಟೇ ವಿಶ್ವ ಚಾಂಪಿಯನ್ನರಾದವರು. ಅವರ ಕ್ಲಬ್ ಸೆಪ್ಟೆಂಬರ್‌ನಲ್ಲಿ ರಿಮಿನಿ ಎಂಬ ಸಮುದ್ರ ತೀರದ ಊರಿನಲ್ಲಿ ಎರಡನೇ ದರ್ಜೆಯ ಮೊದಲ ಪಂದ್ಯ ಆಡಿ 1–1ರ ಸಮಕ್ಕೆ ತೃಪ್ತಿಪಟ್ಟಿತು. ಆ ವರ್ಷ ಲೀಗ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದವರು ದೆಲ್ ಪಿಯೆರೊ. ತಂಡ ಮೊದಲ ಸ್ಥಾನ ಪಡೆದು ಮೇಲೆ ಬಂತು. ಆ ಎರಡನೇ ದರ್ಜೆಯ ಗೆಲುವನ್ನು ಕ್ಲಬ್ 36ರಲ್ಲಿಯೂ ಸೇರಿಸುವುದಿಲ್ಲ, 38ರಲ್ಲಿಯೂ ಸೇರಿಸುವುದಿಲ್ಲ. ನನ್ನನ್ನು ಕೇಳಿದರೆ ಅದೇ ಅವರ ಅತ್ಯಂತ ಕಷ್ಟದ ಗೆಲುವು.

2011ರಲ್ಲಿ ಕ್ಲಬ್ ಸ್ವಂತ ಕ್ರೀಡಾಂಗಣ ಕಟ್ಟಿಕೊಂಡಿತು. ಉದ್ಘಾಟನಾ ಪಂದ್ಯಕ್ಕೆ ಆಹ್ವಾನಿಸಿದ್ದು, ಹಳೆಯ ಅಂಗಿಯ ಋಣಕ್ಕೆ, ನಾಟ್ಸ್ ಕೌಂಟಿ ತಂಡವನ್ನೇ. ಆ ಋತುವಿನಲ್ಲಿ 38 ಲೀಗ್ ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಚಾಂಪಿಯನ್ ಆಯಿತು. 705 ಪಂದ್ಯ, 290 ಗೋಲುಗಳೊಂದಿಗೆ ದೆಲ್ ಪಿಯೆರೊ ಆಗ ವಿದಾಯ ಹೇಳಿದರು. 2020ರವರೆಗೆ ಸತತ ಒಂಬತ್ತು ಪ್ರಶಸ್ತಿ ಬಂದವು. ಕೊನೆಯ ಎರಡರಲ್ಲಿ ನಿಮ್ಮ ಮೆಚ್ಚಿನ ಕ್ರಿಸ್ಟಿಯಾನೊ ರೊನಾಲ್ಡೊ ಇದ್ದರು. ಆಮೇಲೆ ಮತ್ತೆ ಗ್ರಹಚಾರ. ಆಟಗಾರರ ವರ್ಗಾವಣೆಯ ಮೊತ್ತವನ್ನು ಲೆಕ್ಕಪತ್ರದಲ್ಲಿ ಉಬ್ಬಿಸಿ ತೋರಿಸಿದ ಆರೋಪ, 2023ರಲ್ಲಿ 10 ಪಾಯಿಂಟ್ ಕಡಿತ, ಒಂದು ವರ್ಷ ಯುರೋಪಿನ ಸ್ಪರ್ಧೆಗಳಿಂದ ದೂರ.

ರಸಪ್ರಶ್ನೆಯಲ್ಲಿ ಈ ಪ್ರಶ್ನೆ ಬಂದರೆ 36 ಎಂದೇ ಬರೆಯಿರಿ. ಟ್ಯೂರಿನ್‌ಗೆ ಹೋಗುವ ಯೋಗ ಬಂದು, ಜುವೆಂಟಸ್ ಅಭಿಮಾನಿಯೊಬ್ಬರ ಪಕ್ಕದಲ್ಲಿ ಕುಳಿತಾಗ ಮಾತ್ರ ಆ ಉತ್ತರವನ್ನು ಜೋರಾಗಿ ಹೇಳಬೇಡಿ.